ಖಾಲಿ ಡಬ್ಬ ಮಾರಿದ ಕಥೆ: ಸ್ಟಾರ್ ವಾರ್ಸ್ ಮತ್ತು ಅಭಿಮಾನಿಗಳ ಥಿಯರಿಗಳು

ಇವತ್ತಿನ ಎಪಿಸೋಡ್ ಒಂದು ಖಾಲಿ ಡಬ್ಬದಿಂದ ಶುರುವಾಗುತ್ತೆ.

1977ರ ಕ್ರಿಸ್‌ಮಸ್. ಅಮೆರಿಕದ ಆಟಿಕೆ ಅಂಗಡಿಗಳಲ್ಲಿ ಕೆನ್ನರ್ ಅನ್ನೋ ಕಂಪನಿ ಒಂದು ರಟ್ಟಿನ ಪ್ಯಾಕೆಟ್ ಮಾರಾಟಕ್ಕೆ ಇಟ್ಟಿತ್ತು. ಮೇಲೆ ಸ್ಟಾರ್ ವಾರ್ಸ್ ಹೆಸರು. ಮಕ್ಕಳು ಆಸೆಯಿಂದ ತೆರೆದರೆ ಒಳಗೆ ಬೊಂಬೆನೇ ಇಲ್ಲ! ಇದ್ದಿದ್ದು ಬೊಂಬೆ ನಿಲ್ಲಿಸೋಕೆ ಒಂದು ರಟ್ಟಿನ ಸ್ಟ್ಯಾಂಡು, ಒಂದಿಷ್ಟು ಸ್ಟಿಕ್ಕರ್, ಮತ್ತೆ ಒಂದು ಸರ್ಟಿಫಿಕೇಟ್. ಆ ಸರ್ಟಿಫಿಕೇಟನ್ನ ಪೋಸ್ಟ್ ಮಾಡಿದರೆ ಮುಂದಿನ ವರ್ಷ ಲ್ಯೂಕ್, ಲೇಯಾ, ಚ್ಯೂಬಾಕಾ, ಆರ್2-ಡಿ2, ಹೀಗೆ ನಾಲ್ಕು ಬೊಂಬೆ ಮನೆಗೆ ಬರುತ್ತೆ ಅಂತ ಭರವಸೆ.

ಕಾರಣ ಸಿಂಪಲ್. ಆ ವರ್ಷ ಮೇ 25ಕ್ಕೆ 'ಸ್ಟಾರ್ ವಾರ್ಸ್' ರಿಲೀಸ್ ಆದಾಗ ಅದು ಓಡುತ್ತೆ ಅಂತ ಹೆಚ್ಚು ಜನ ನಂಬಿರಲಿಲ್ಲ. ಮೊದಲ ದಿನ ಸಿಕ್ಕಿದ್ದು 30 ಚಿಲ್ಲರೆ ಥಿಯೇಟರ್ ಅಷ್ಟೆ. ಸಿನಿಮಾ ಹಿಟ್ ಆಗಿ ಜನ ಮುಗಿಬಿದ್ದಾಗ ಆಟಿಕೆ ಮಾಡೋಕೆ ಟೈಮೇ ಉಳಿದಿರಲಿಲ್ಲ. ಹಾಗಂತ ಹಬ್ಬದ ಸೀಸನ್ ಬಿಟ್ಟುಕೊಡೋ ವ್ಯಾಪಾರಿ ಯಾರಿದ್ದಾರೆ? ಬೊಂಬೆ ಇಲ್ಲದಿದ್ದರೆ ಏನಂತೆ, ಬೊಂಬೆ ಕೊಡ್ತೀವಿ ಅನ್ನೋ ಮಾತನ್ನೇ ಮಾರಿದರು. 1978ರಲ್ಲಿ ಬೊಂಬೆಗಳು ಬಂದವು. ಮಾತು ಉಳಿಯಿತು.

ಬಿ.ಕಾಂ. ಮೊದಲ ವರ್ಷದಲ್ಲೇ ನಮಗೆ ಒಂದು ವಿಷಯ ಹೇಳಿಕೊಡ್ತಾರೆ. ಮಾಲು ಕೊಡೋಕೆ ಮುಂಚೆ ಗಿರಾಕಿಯಿಂದ ತಗೊಂಡ ಅಡ್ವಾನ್ಸ್ ದುಡ್ಡನ್ನ ಆದಾಯ ಅಂತ ಬರೆಯೋ ಹಾಗಿಲ್ಲ. ಅದು ಲಯಬಿಲಿಟಿ. ಅಂದರೆ ತೀರಿಸಬೇಕಾದ ಬಾಕಿ. ಕ್ಯಾಶ್ ಗಲ್ಲಾಪೆಟ್ಟಿಗೆಯಲ್ಲಿ ಇದ್ದರೂ ಲೆಕ್ಕದ ಪ್ರಕಾರ ನೀವು ಇನ್ನೂ ಸಾಲಗಾರರೇ.

ಈ ಒಂದು ರೂಲ್ ನೆನಪಿಟ್ಕೊಳ್ಳಿ. ಸ್ಟಾರ್ ವಾರ್ಸ್ ಅನ್ನೋ ಸರಣಿ ಎರಡು ಸಲ ನಿಂತು ಎರಡು ಸಲ ಮತ್ತೆ ಶುರುವಾದ ಚರಿತ್ರೆ, ಪ್ರತಿ ಸಲ ಅಭಿಮಾನಿಗಳು ಕಟ್ಟಿದ ಥಿಯರಿಗಳು, ಆಮೇಲೆ ಆದ ಜಗಳಗಳು, ಇದನ್ನೆಲ್ಲ ಅರ್ಥ ಮಾಡಿಕೊಳ್ಳೋಕೆ ಈ ರೂಲ್ ಸಾಕು. ಹಾಂ, ಇಲ್ಲಿಂದ ಮುಂದೆ ಎಲ್ಲ ಸಿನಿಮಾಗಳ ಸ್ಪಾಯ್ಲರ್ ಇದೆ. ನೋಡಿಲ್ಲ ಅಂದ್ರೆ ಮೊದಲು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ.

ಮೊದಲ ದೊಡ್ಡ ಥಿಯರಿ ಯುದ್ಧ ನಡೆದಿದ್ದು ಇಂಟರ್ನೆಟ್ ಇಲ್ಲದ ಕಾಲದಲ್ಲಿ. 1980ರ ಮೇ ತಿಂಗಳು, ಎರಡನೇ ಸಿನಿಮಾ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಬಂತು. ಥಿಯೇಟರ್‌ನಲ್ಲಿ ಕೂತವರಿಗೆ ಮೊದಲ ಶಾಕ್ ಸಿಕ್ಕಿದ್ದು ಟೈಟಲ್ ಕಾರ್ಡ್‌ನಲ್ಲೇ. ಅಲ್ಲಿ ಬರೆದಿತ್ತು, ಎಪಿಸೋಡ್ ಐದು ಅಂತ. ಇದು ಎರಡನೇದು ಅಲ್ವಾ? ಹಾಗಾದ್ರೆ ಮಿಕ್ಕ ಮೂರು ಎಲ್ಲಿ? ಮೊದಲ ಸಿನಿಮಾಗೆ ಎಪಿಸೋಡ್ ನಾಲ್ಕು ಅನ್ನೋ ಹಣೆಪಟ್ಟಿ ಅಂಟಿಸಿದ್ದು ಆಮೇಲೆ, 1981ರಲ್ಲಿ ಅದು ಮರುಬಿಡುಗಡೆ ಆದಾಗ.

ಎರಡನೇ ಶಾಕ್ ಎಲ್ಲರಿಗೂ ಗೊತ್ತಿರೋದು. ಖಳನಾಯಕ ಡಾರ್ತ್ ವೇಡರ್ ತಾನೇ ನಾಯಕ ಲ್ಯೂಕ್‌ನ ಅಪ್ಪ ಅಂತ ಹೇಳಿಬಿಡ್ತಾನೆ. ಈ ಗುಟ್ಟು ಕಾಪಾಡೋಕೆ ಅವರು ಮಾಡಿದ ಕಸರತ್ತು ಕೇಳಿ. ಶೂಟಿಂಗ್ ವೇಳೆ ವೇಡರ್ ವೇಷದಲ್ಲಿದ್ದ ನಟ ಡೇವಿಡ್ ಪ್ರೌಸ್‌ಗೆ ಕೊಟ್ಟಿದ್ದು ಸುಳ್ಳು ಡೈಲಾಗ್, ಲ್ಯೂಕ್‌ನ ಅಪ್ಪನನ್ನ ಕೊಂದಿದ್ದು ಗುರು ಓಬಿ-ವಾನ್ ಅಂತ. ಲ್ಯೂಕ್ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್‌ಗೆ ನಿಜ ಹೇಳಿದ್ದು ಆ ದೃಶ್ಯ ತೆಗೆಯೋಕೆ ಸ್ವಲ್ಪ ಮುಂಚೆ. ನಿಜವಾದ ಮಾತಿಗೆ ಆಮೇಲೆ ದನಿ ಕೊಟ್ಟಿದ್ದು ಜೇಮ್ಸ್ ಅರ್ಲ್ ಜೋನ್ಸ್. ಅದನ್ನ ಓದಿದಾಗ ಈ ವೇಡರ್ ಸುಳ್ಳು ಹೇಳ್ತಿದ್ದಾನೆ ಅಂತಲೇ ತನಗೆ ಅನ್ನಿಸಿತ್ತು ಅಂತ ಅವರು ನಂತರ ಹೇಳಿಕೊಂಡಿದ್ದಾರೆ.

ಪಾತ್ರಕ್ಕೆ ದನಿ ಕೊಟ್ಟವರಿಗೇ ಡೌಟು ಅಂದ್ಮೇಲೆ ನೋಡಿದವರ ಕಥೆ ಏನು? ಮೂರು ವರ್ಷ ಚರ್ಚೆ. ಸ್ಕೂಲ್ ಅಂಗಳದಲ್ಲಿ, ಅಭಿಮಾನಿಗಳೇ ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ ಪುಟ್ಟ ಪತ್ರಿಕೆಗಳಲ್ಲಿ, ಅಂಚೆಯ ಪತ್ರಗಳಲ್ಲಿ. ವೇಡರ್ ಹೇಳಿದ್ದು ನಿಜವೋ ಸುಳ್ಳೋ? ಯೋಡಾ ಇನ್ನೊಬ್ಬರು ಇದ್ದಾರೆ ಅಂದ್ನಲ್ಲ, ಆ ಇನ್ನೊಬ್ಬರು ಯಾರು? 1983ರಲ್ಲಿ 'ರಿಟರ್ನ್ ಆಫ್ ದಿ ಜೆಡೈ' ಬಂತು. ಜಾರ್ಜ್ ಲ್ಯೂಕಸ್ ಎರಡಕ್ಕೂ ಉತ್ತರ ಕೊಟ್ಟರು. ವೇಡರ್ ಅಪ್ಪ ಹೌದು ಅಂತ ಯೋಡಾ ಬಾಯಿಂದಲೇ ಹೇಳಿಸಿದರು. ಆ ಇನ್ನೊಬ್ಬರು ಲೇಯಾ, ಲ್ಯೂಕ್‌ನ ಅವಳಿ ತಂಗಿ.

ಈಗ ನೀವು ಕೇಳಬಹುದು, ಲ್ಯೂಕಸ್‌ಗೆ ಇದೆಲ್ಲ ಮೊದಲಿಂದ ಗೊತ್ತಿತ್ತಾ? ಇಲ್ಲ! ಎರಡನೇ ಸಿನಿಮಾದ ಮೊದಲ ಡ್ರಾಫ್ಟ್ ಬರೆದವರು ಲೀ ಬ್ರ್ಯಾಕೆಟ್ ಅನ್ನೋ ಲೇಖಕಿ, 1978ರಲ್ಲಿ. ಅದರಲ್ಲಿ ಲ್ಯೂಕ್‌ನ ಅಪ್ಪ ಬೇರೆಯೇ ವ್ಯಕ್ತಿ, ಪ್ರೇತದ ರೂಪದಲ್ಲಿ ಬಂದು ಮಗನ ಜೊತೆ ಮಾತಾಡ್ತಾನೆ. ಇನ್ನು ಲೇಯಾ ವಿಷಯ. 1980ರ ಸಿನಿಮಾದಲ್ಲಿ ಅವಳು ಲ್ಯೂಕ್‌ಗೆ ತುಟಿಗೆ ಮುತ್ತು ಕೊಡ್ತಾಳೆ. ತಂಗಿ ಅಂತ ಆಗಲೇ ತೀರ್ಮಾನ ಆಗಿದ್ದಿದ್ರೆ ಆ ದೃಶ್ಯ ಬರೀತಿದ್ರಾ?

ಅಂದರೆ ಉತ್ತರ ಯಾವಾಗಲೂ ದಾರಿಯಲ್ಲೇ ಹುಟ್ಟಿಕೊಳ್ತಿತ್ತು. ಆದರೆ ಆ ಉತ್ತರಕ್ಕೆ ಹೊಣೆ ಹೊರುತ್ತಿದ್ದವರು ಒಬ್ಬರೇ. ಒಂದು ಸಲ ವೇಡರ್ ಅಪ್ಪ ಅಂತ ತೀರ್ಮಾನ ಮಾಡಿದ ಮೇಲೆ ಲ್ಯೂಕಸ್ ಅದನ್ನ ಬದಲಾಯಿಸಲಿಲ್ಲ. ಆಮೇಲೆ ಮಾಡಿದ ಮೂರು ಸಿನಿಮಾಗಳನ್ನೂ ಆ ಒಂದೇ ಉತ್ತರದ ಮೇಲೆ ಕಟ್ಟಿದರು. ಬೊಂಬೆ ತಡವಾಗಿ ಬಂತು, ಆದರೆ ಬಂತು.

1983ರ ನಂತರ ಸಿನಿಮಾ ನಿಂತಿತು. 16 ವರ್ಷ. ಈ ಗ್ಯಾಪ್‌ನಲ್ಲಿ ಸರಣಿಯನ್ನ ಜೀವಂತ ಇಟ್ಟವರು ಅಭಿಮಾನಿಗಳು, ಅವರಿಗಾಗಿ ಬರೆದ ಕಾದಂಬರಿಕಾರರು. 1991ರಲ್ಲಿ ಟಿಮೊಥಿ ಝಾನ್ ಬರೆದ 'ಏರ್ ಟು ದಿ ಎಂಪೈರ್' ನ್ಯೂಯಾರ್ಕ್ ಟೈಮ್ಸ್ ಬೆಸ್ಟ್‌ಸೆಲ್ಲರ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಆಮೇಲೆ ಕಾದಂಬರಿ, ಕಾಮಿಕ್ಸ್, ಗೇಮ್ ಅಂತ ದೊಡ್ಡ ಲೋಕವೇ ಬೆಳೀತು. ಅದಕ್ಕೆ ಎಕ್ಸ್‌ಪ್ಯಾಂಡೆಡ್ ಯೂನಿವರ್ಸ್ ಅಂತ ಹೆಸರು. ಲ್ಯೂಕ್‌ಗೆ ಮದುವೆ ಆಯ್ತು, ಹಾನ್ ಮತ್ತು ಲೇಯಾಗೆ ಮಕ್ಕಳಾದರು. 1999ರ 'ವೆಕ್ಟರ್ ಪ್ರೈಮ್' ಕಾದಂಬರಿಯಲ್ಲಿ ಚ್ಯೂಬಾಕಾ ಸತ್ತೇ ಹೋದ. ಓದುಗರು ನಿಜಕ್ಕೂ ದುಃಖಪಟ್ಟರು.

ಅದೇ 1999ರಲ್ಲಿ ಮೊದಲ ಪುನರುಜ್ಜೀವನ. 'ದಿ ಫ್ಯಾಂಟಮ್ ಮೆನಾಸ್'. ಹಿಂದಿನ ವರ್ಷ ನವೆಂಬರ್‌ನಲ್ಲಿ ಇದರ ಟ್ರೇಲರ್ ಬೇರೆ ಸಿನಿಮಾಗಳ ಮುಂದೆ ತೋರಿಸ್ತಿದ್ರು. ಜನ 'ಮೀಟ್ ಜೋ ಬ್ಲ್ಯಾಕ್' ಸಿನಿಮಾಗೆ ಪೂರ್ತಿ ಟಿಕೆಟ್ ಕೊಟ್ಟು ಒಳಗೆ ಹೋಗಿ, ಟ್ರೇಲರ್ ನೋಡಿ, ಎದ್ದು ಬರ್ತಿದ್ರು. ಲಾಸ್ ಏಂಜಲೀಸ್‌ನ ಚೈನೀಸ್ ಥಿಯೇಟರ್ ಎದುರು ವಾರಗಟ್ಟಲೆ ಮುಂಚೆ ಕ್ಯೂ ನಿಂತರು.

ಸಿನಿಮಾ ದುಡ್ಡು ಮಾಡಿತು. ಆದರೆ ಹಳೇ ಅಭಿಮಾನಿಗಳಲ್ಲಿ ಬಹಳ ಮಂದಿಗೆ ನಿರಾಸೆ ಆಯ್ತು. ಆ ನಿರಾಸೆ ಯಾರ ಮೇಲೆ ಬಿತ್ತು? ಕಥೆ ಬರೆದು ನಿರ್ದೇಶನ ಮಾಡಿದ ಲ್ಯೂಕಸ್ ಮೇಲೂ ಬಿತ್ತು, ನಿಜ. ಅದಕ್ಕಿಂತ ಜೋರಾಗಿ ಬಿದ್ದಿದ್ದು ಜಾರ್ ಜಾರ್ ಬಿಂಕ್ಸ್ ಅನ್ನೋ ಎಡವಟ್ಟು ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಮೇಲೆ. ಆಗ ಅವರಿಗೆ ಇಪ್ಪತ್ತರ ಹರೆಯ. ಹಾಲಿವುಡ್‌ನಲ್ಲಿ ಅದು ಅವರ ಮೊದಲ ದೊಡ್ಡ ಅವಕಾಶ. ಆ ದ್ವೇಷ ತಡೆಯೋಕಾಗದೆ ತಾನು ಜೀವ ಕಳ್ಕೊಳ್ಳೋ ಹಂತಕ್ಕೆ ಹೋಗಿದ್ದೆ ಅಂತ ಅವರು ಬಹಿರಂಗವಾಗಿ ಹೇಳಿದ್ದು 2018ರಲ್ಲಿ. ಸುಮಾರು ಇಪ್ಪತ್ತು ವರ್ಷ ಆದ್ಮೇಲೆ. ಇದನ್ನ ಕೇಳ್ತಿರೋ ನಿಮ್ಮಲ್ಲಿ ಯಾರಿಗಾದರೂ ಮನಸ್ಸು ಹಾಗೆ ಭಾರ ಆಗಿದ್ದರೆ ಟೆಲಿ ಮಾನಸ್ ನಂಬರ್ 14416ಕ್ಕೆ ಕಾಲ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈ ಮಾತು ಇಲ್ಲಿಗೆ ಬಿಡೋಣ, ಯಾಕಂದ್ರೆ ಕಥೆ ಮತ್ತೆ ಇಲ್ಲಿಗೇ ಬರುತ್ತೆ.

2005ಕ್ಕೆ ಲ್ಯೂಕಸ್ ಅವರ ಮೂರು ಹೊಸ ಸಿನಿಮಾಗಳು ಮುಗಿದವು. ಸರಣಿ ಮತ್ತೆ ನಿಂತಿತು. ಆಮೇಲೆ ಬಂತು 2012ರ ಅಕ್ಟೋಬರ್ 30. ಡಿಸ್ನಿ ಕಂಪನಿ ಲ್ಯೂಕಸ್‌ಫಿಲ್ಮ್ ಅನ್ನು 405 ಕೋಟಿ ಡಾಲರ್‌ಗೆ ಕೊಳ್ಳೋದಾಗಿ ಘೋಷಿಸಿತು. ಆಗಿನ ರೇಟಲ್ಲಿ ನಮ್ಮ 21 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಸುಮಾರು ಅರ್ಧ ಕ್ಯಾಶ್, ಅರ್ಧ ಡಿಸ್ನಿ ಷೇರು.

ಇಷ್ಟು ದುಡ್ಡು ಯಾತಕ್ಕೆ? ಕಟ್ಟಡ, ಕ್ಯಾಮೆರಾ, ಕಂಪ್ಯೂಟರ್ ಎಲ್ಲ ಸೇರಿಸಿದರೂ ಇಷ್ಟಾಗಲ್ಲ. ಡಿಸ್ನಿ ಕೊಂಡಿದ್ದು ಹಕ್ಕುಗಳನ್ನ, ಹೆಸರನ್ನ, ಜನ ಇಟ್ಟಿರೋ ಪ್ರೀತಿಯನ್ನ. ಆ ಪ್ರೀತಿಯ ಒಂದು ಭಾಗವನ್ನ ಲೆಕ್ಕಪತ್ರದಲ್ಲಿ ಗುಡ್‌ವಿಲ್ ಅಂತಾರೆ. 16 ವರ್ಷ ಸಿನಿಮಾ ಇಲ್ಲದಾಗ ಕಾದಂಬರಿ ಓದಿದವರು, ಬೊಂಬೆ ಜೋಡಿಸಿಟ್ಟವರು, ಯಾರ ಅಪ್ಪ ಯಾರು ಅಂತ ವಾದ ಮಾಡಿದವರು, ಅವರೆಲ್ಲರ ಸಂಬಳ ಇಲ್ಲದ ದುಡಿಮೆಗೂ ಆ 405 ಕೋಟಿಯಲ್ಲಿ ಪಾಲಿದೆ. ಚೆಕ್ ಹೋಗಿದ್ದು ಮಾತ್ರ ಲ್ಯೂಕಸ್ ಹೆಸರಿಗೆ.

ಆ ದಿನದ ಘೋಷಣೆಯಲ್ಲೇ ಇನ್ನೊಂದು ವಿಷಯ ಇತ್ತು. ಎಪಿಸೋಡ್ ಏಳು 2015ಕ್ಕೆ ಬರುತ್ತೆ. ಗಮನಿಸಿ, ಸ್ಕ್ರಿಪ್ಟ್ ಇರಲಿಲ್ಲ, ಡೈರೆಕ್ಟರ್ ಯಾರು ಅಂತ ಹೇಳಿರಲಿಲ್ಲ, ಆದರೆ ವರ್ಷ ಇತ್ತು. ಷೇರುದಾರರಿಗೆ ಬೇಕಿರೋದು ಅದೇ ಅಲ್ವಾ? ಹೊಸ ಮೂರು ಸಿನಿಮಾಗಳಿಗೆ ಲ್ಯೂಕಸ್ ಕಥೆಯ ರೂಪರೇಷೆ ಕೊಟ್ಟಿದ್ದರು. ಡಿಸ್ನಿ ಅದನ್ನ ಕೊಂಡಿತು, ಆದರೆ ಬಳಸಲೇಬೇಕು ಅನ್ನೋ ಕರಾರು ಇರಲಿಲ್ಲ. ಬೇರೆ ದಾರಿ ಹಿಡಿದಾಗ ಲ್ಯೂಕಸ್‌ಗೆ ತುಂಬ ಬೇಜಾರಾಯ್ತು ಅಂತ ಡಿಸ್ನಿ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ತಮ್ಮ ಆತ್ಮಕಥನದಲ್ಲೇ ಬರೆದಿದ್ದಾರೆ.

2014ರ ಏಪ್ರಿಲ್‌ನಲ್ಲಿ ಅಭಿಮಾನಿಗಳಿಗೂ ಒಂದು ಏಟು ಬಿತ್ತು. ಆ ಎಕ್ಸ್‌ಪ್ಯಾಂಡೆಡ್ ಯೂನಿವರ್ಸ್ ಇತ್ತಲ್ಲ, ಅದು ಇನ್ಮೇಲೆ ಅಧಿಕೃತ ಕಥೆ ಅಲ್ಲ, ಅದಕ್ಕೆ ಲೆಜೆಂಡ್ಸ್ ಅಂತ ಹೆಸರು, ಅಂದರೆ ದಂತಕಥೆ ಅಂತ ಕಂಪನಿ ಹೇಳಿತು. ಲ್ಯೂಕ್‌ನ ಮದುವೆ ನಡೆದೇ ಇಲ್ಲ. ಸತ್ತ ಚ್ಯೂಬಾಕಾ ಬದುಕಿದ. ವ್ಯಾಪಾರದ ದೃಷ್ಟಿಯಿಂದ ಇದಕ್ಕೆ ಕಾರಣ ಇತ್ತು, ನೂರಾರು ಪುಸ್ತಕಗಳಿಗೆ ಹೊಂದಿಕೊಳ್ಳೋ ಹಾಗೆ ಹೊಸ ಸಿನಿಮಾ ಬರೆಯೋದು ಕಷ್ಟ. ಆದರೆ 20 ವರ್ಷ ದುಡ್ಡು ಕೊಟ್ಟು ಓದಿದವರಿಗೆ ಹೇಗನ್ನಿಸಿರಬೇಕು ಯೋಚನೆ ಮಾಡಿ.

ಈಗ ನಮ್ಮ ಕಥೆಗೆ ಎರಡನೇ ಡಬ್ಬ ಬರುತ್ತೆ.

ಏಳನೇ ಸಿನಿಮಾಗೆ ಡೈರೆಕ್ಟರ್ ಆಗಿ ಬಂದವರು ಜೆ.ಜೆ. ಏಬ್ರಮ್ಸ್. ಇವರು 2007ರಲ್ಲಿ ಒಂದು ಟೆಡ್ ಭಾಷಣ ಮಾಡಿದ್ರು, ಬಹಳ ಫೇಮಸ್. ಅದರಲ್ಲಿ ಒಂದು ಮ್ಯಾಜಿಕ್ ಅಂಗಡಿಯಿಂದ ಬಂದ ಡಬ್ಬವನ್ನ ಸ್ಟೇಜ್ ಮೇಲೆ ತಂದಿಟ್ಟರು. 15 ಡಾಲರ್ ಕೊಟ್ಟರೆ 50 ಡಾಲರ್‌ನ ಮ್ಯಾಜಿಕ್ ಸಾಮಾನು ಅಂತ ಅದರ ಮೇಲೆ ಬರೆದಿದೆ. ಏಬ್ರಮ್ಸ್ ದಶಕಗಳಾದರೂ ಅದನ್ನ ತೆರೆದಿಲ್ಲ. ಒಳಗೆ ಏನಿರಬಹುದು ಅನ್ನೋ ಕುತೂಹಲ ಒಳಗಿರೋ ವಸ್ತುವಿಗಿಂತ ದೊಡ್ಡದು, ಕಥೆ ಅಂದ್ರೆ ಇದೇ ಅನ್ನೋದು ಅವರ ವಾದ.

ಕೆನ್ನರ್ ಡಬ್ಬ ಖಾಲಿ ಅಂತ ಕಂಪನಿಗೆ ಗೊತ್ತಿತ್ತು, ಕೊಂಡವರಿಗೂ ಗೊತ್ತಿತ್ತು. ಏಬ್ರಮ್ಸ್ ಡಬ್ಬದಲ್ಲಿ ಏನಿದೆ ಅಂತ ಅದರ ಮಾಲೀಕರಿಗೇ ಗೊತ್ತಿಲ್ಲ!

2015ರ ಡಿಸೆಂಬರ್ 18. 'ದಿ ಫೋರ್ಸ್ ಅವೇಕನ್ಸ್' ಅಮೆರಿಕದಲ್ಲಿ ರಿಲೀಸ್. ನಮ್ಮ ದೇಶದಲ್ಲಿ ಅದೇ ದಿನ 'ದಿಲ್‌ವಾಲೆ' ಮತ್ತು 'ಬಾಜಿರಾವ್ ಮಸ್ತಾನಿ' ಇದ್ದವು. ಹಾಗಾಗಿ ಇಲ್ಲಿಗೆ ಬಂದಿದ್ದು ಒಂದು ವಾರ ತಡವಾಗಿ, 25ಕ್ಕೆ. ಆ ಒಂದು ವಾರ ಬೆಂಗಳೂರಿನ ಸ್ಟಾರ್ ವಾರ್ಸ್ ಅಭಿಮಾನಿಗಳಿಗೆ ಮೊಬೈಲ್ ತೆರೆಯೋಕೂ ಭಯ. ಯಾವ ಮೂಲೆಯಿಂದ ಯಾವ ಸ್ಪಾಯ್ಲರ್ ಬರುತ್ತೋ!

ಸಿನಿಮಾದ ನಾಯಕಿ ರೇ. ಮರಳುಗಾಡಿನ ಗ್ರಹದಲ್ಲಿ ಗುಜರಿ ಆಯ್ದು ಬದುಕೋ ಹುಡುಗಿ. ಚಿಕ್ಕವಳಿದ್ದಾಗ ಅಪ್ಪ ಅಮ್ಮ ಬಿಟ್ಟು ಹೋಗಿದ್ದಾರೆ, ವಾಪಸ್ ಬರ್ತಾರೆ ಅಂತ ಗೋಡೆ ಮೇಲೆ ಗೀಟು ಹಾಕ್ತಾ ದಿನ ಎಣಿಸ್ತಿದ್ದಾಳೆ. ಯಾರ ಮಗಳು ಅವಳು? ಸಿನಿಮಾ ಹೇಳಲಿಲ್ಲ. ಖಳನಾಯಕ ಸ್ನೋಕ್ ಎಲ್ಲಿಂದ ಬಂದ? ಅದೂ ಹೇಳಲಿಲ್ಲ.

ನದಿಮೂಲ, ಋಷಿಮೂಲ ಹುಡುಕಬಾರದು ಅಂತ ನಮ್ಮಲ್ಲಿ ಹಿರಿಯರು ಹೇಳ್ತಾರೆ. ಅಭಿಮಾನಿಗಳು ಕೇಳ್ತಾರಾ? ಹುಡುಕೋಕೆ ಶುರು ಮಾಡಿದ್ರು. ರೇ ಲ್ಯೂಕ್‌ನ ಮಗಳು ಅಂತ ಒಂದು ಗುಂಪು. ಅವಳ ಕೈಗೆ ಸಿಕ್ಕ ಲೈಟ್‌ಸೇಬರ್ ಅವನದ್ದೇ ಅಲ್ವಾ ಅಂತ ಸಾಕ್ಷಿ. ಓಬಿ-ವಾನ್ ಮೊಮ್ಮಗಳು ಅಂತ ಇನ್ನೊಂದು ಗುಂಪು. ಅವಳಿಗೆ ಬೀಳೋ ಕನಸಿನಲ್ಲಿ ಓಬಿ-ವಾನ್ ದನಿ ಕೇಳಿಸುತ್ತೆ, ನಟಿ ಡೇಸಿ ರಿಡ್ಲಿ ಮಾತಾಡೋದೂ ಬ್ರಿಟಿಷ್ ಉಚ್ಚಾರಣೆಯಲ್ಲಿ ಅಂತ ಅವರ ಸಾಕ್ಷಿ. ಪಾಲ್ಪಟೀನ್ ಚಕ್ರವರ್ತಿಯ ವಂಶ ಅಂತ ಮತ್ತೊಂದು ಗುಂಪು, ಅವಳು ಕತ್ತಿ ಚುಚ್ಚೋ ಶೈಲಿ ನೋಡಿ. ಸ್ನೋಕ್ ಅಂದ್ರೆ ಹಳೇ ಸಿನಿಮಾದಲ್ಲಿ ಬರೀ ಹೆಸರು ಮಾತ್ರ ಬಂದಿದ್ದ ಡಾರ್ತ್ ಪ್ಲೇಗಸ್ ಅಂತ ಇನ್ನೊಂದು.

ಇದೇ ವರ್ಷ ಅಕ್ಟೋಬರ್‌ನಲ್ಲಿ ಒಬ್ಬ ಅಭಿಮಾನಿ ಬರೆದ ಥಿಯರಿ ಜಗತ್ತೆಲ್ಲ ಸುತ್ತಿತು. ಜಾರ್ ಜಾರ್ ಬಿಂಕ್ಸ್ ದಡ್ಡ ಅಲ್ಲ, ದಡ್ಡನ ಹಾಗೆ ನಟಿಸ್ತಿರೋ ಮಹಾಖಳ! ಅವನು ಎಡವಿ ಬೀಳೋದು ಕುಡುಕನ ಹಾಗೆ ತೂರಾಡಿ ಹೊಡೆಯೋ ಚೀನೀ ಕುಂಗ್‌ಫು ಶೈಲಿ. ಬೇರೆಯವರು ಮಾತಾಡುವಾಗ ಇವನ ತುಟಿ ಅಲ್ಲಾಡುತ್ತೆ. ಪಾಲ್ಪಟೀನ್‌ಗೆ ತುರ್ತು ಅಧಿಕಾರ ಕೊಡಿ ಅಂತ ಸೆನೆಟ್‌ನಲ್ಲಿ ಎದ್ದು ನಿಂತವನು ಯಾರು? ಇವನೇ. ಜನ ಹಳೇ ಸಿನಿಮಾ ಮತ್ತೆ ನೋಡಿದ್ರು. 16 ವರ್ಷ ಬೈಸಿಕೊಂಡ ಪಾತ್ರವನ್ನ ಮೊದಲ ಸಲ ಆಸಕ್ತಿಯಿಂದ ನೋಡಿದ್ರು. ಒಳ್ಳೇ ಥಿಯರಿ ನಿಜವೇ ಆಗಬೇಕು ಅಂತಿಲ್ಲ, ಇಂಥದ್ದೊಂದು ಕೆಲಸ ಮಾಡಿದರೂ ಸಾಕು ಅಂತ ನನಗನ್ನಿಸೋದು ಇದಕ್ಕೇ.

ಅದೇ 2015ರ ಜುಲೈನಲ್ಲಿ ನಮಗೂ ಒಂದು ಪ್ರಶ್ನೆ ಅಂಟಿಕೊಂಡಿತ್ತು, ನೆನಪಿದೆಯಾ? ಕಟ್ಟಪ್ಪ ಬಾಹುಬಲಿಯನ್ನ ಯಾಕೆ ಕೊಂದ? ಸುಮಾರು ಎರಡು ವರ್ಷ ಬಸ್‌ಸ್ಟ್ಯಾಂಡ್‌ನಿಂದ ಕಾಲೇಜ್ ಕ್ಯಾಂಟೀನ್‌ವರೆಗೆ ಅದೇ ಮಾತು. ಆದರೆ ಅಲ್ಲಿ ಕಥೆ ಒಂದೇ, ಡೈರೆಕ್ಟರ್ ಒಬ್ಬರೇ. ಅದನ್ನ ಎರಡು ಭಾಗ ಮಾಡಿ ಮಧ್ಯದಲ್ಲಿ ನಿಲ್ಲಿಸಿದ್ದರು ಅಷ್ಟೆ. 2017ರ ಏಪ್ರಿಲ್‌ನಲ್ಲಿ ಉತ್ತರ ಬಂತು, ಯಾರೂ ಜಗಳ ಆಡಲಿಲ್ಲ.

ಸ್ಟಾರ್ ವಾರ್ಸ್‌ನಲ್ಲಿ ಆಗಿದ್ದು ಬೇರೆ. ಎಂಟನೇ ಸಿನಿಮಾ ಬರೆದು ನಿರ್ದೇಶಿಸಿದವರು ರಯಾನ್ ಜಾನ್ಸನ್. ಅಭಿಮಾನಿಗಳು ಏಳನೇ ಸಿನಿಮಾವನ್ನ ಫ್ರೇಮ್ ಫ್ರೇಮ್ ಬಿಡಿಸಿ ಸುಳಿವು ಹುಡುಕ್ತಿದ್ದ ಹೊತ್ತಿಗೆ, ಅಂದರೆ 2016ರ ಫೆಬ್ರವರಿಯಲ್ಲಿ, ಎಂಟನೇದರ ಶೂಟಿಂಗ್ ಶುರುವಾಗಿತ್ತು. ರೇ ಯಾರ ಮಗಳು ಅನ್ನೋದನ್ನ ತೀರ್ಮಾನ ಮಾಡಿದ್ದು ಜಾನ್ಸನ್. ಈ ಹುಡುಗಿ ಕೇಳೋಕೆ ಅತಿ ಕಷ್ಟದ ಉತ್ತರ ಯಾವುದು ಅಂತ ತನ್ನನ್ನೇ ಕೇಳಿಕೊಂಡೆ ಅಂತ ಅವರು ವಿವರಿಸಿದ್ದಾರೆ.

2017ರ ಡಿಸೆಂಬರ್‌ನಲ್ಲಿ 'ದಿ ಲಾಸ್ಟ್ ಜೆಡೈ' ಬಂತು. ಉತ್ತರ ಏನು ಗೊತ್ತಾ? ರೇ ಯಾರ ಮಗಳೂ ಅಲ್ಲ. ಅವಳ ಅಪ್ಪ ಅಮ್ಮ ಗುಜರಿ ಮಾರೋರು, ಕುಡಿಯೋ ದುಡ್ಡಿಗಾಗಿ ಮಗಳನ್ನ ಮಾರಿಬಿಟ್ಟರು. ಇನ್ನು ಸ್ನೋಕ್? ಅವನ ಮೂಲ ಹೇಳೋಕೆ ಮುಂಚೆನೇ ಎರಡು ತುಂಡಾದ.

ನನಗೆ ಕೇಳಿದ್ರೆ ಇದು ಇಡೀ ಸರಣಿಯ ಅತ್ಯಂತ ಧೈರ್ಯದ ಉತ್ತರ. ಹುಟ್ಟಿನ ಗುಟ್ಟಿನ ಕಥೆ ನಮಗೆ ಹೊಸದಲ್ಲ. ಕರ್ಣನ ಕಾಲದಿಂದ ಕೇಳ್ತಾ ಬಂದಿದ್ದೀವಿ, ಸೂತನ ಮನೆಯಲ್ಲಿ ಬೆಳೆದ ವೀರ ಕೊನೆಗೆ ಸೂರ್ಯನ ಮಗ. ದೊಡ್ಡ ಮನೆತನ ಇಲ್ಲದೆ ದೊಡ್ಡವರಾಗೋಕೆ ಆಗಲ್ಲ ಅನ್ನೋ ಹಾಗೆ. ಇಲ್ಲಿ ಮೊದಲ ಸಲ ಒಬ್ಬ ಹುಡುಗಿಗೆ ಸಿನಿಮಾ ಹೇಳಿತು, ನಿನ್ನ ಹಿಂದೆ ಯಾರೂ ಇಲ್ಲ, ಆದರೂ ಈ ಕಥೆ ನಿನ್ನದೇ.

ಇಷ್ಟಪಟ್ಟವರು ಬಹಳ ಜನ. ಥಿಯೇಟರ್‌ನಿಂದ ಹೊರಗೆ ಬರುವವರನ್ನ ಕೇಳಿ ಗ್ರೇಡ್ ಕೊಡೋ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಇದಕ್ಕೆ ಎ ಗ್ರೇಡ್ ಸಿಕ್ಕಿತು, ಏಳನೇ ಸಿನಿಮಾಗೆ ಸಿಕ್ಕಿದ್ದೂ ಅದೇ. ಆದರೆ ಯಾರು ಬೇಕಾದರೂ ಮನೆಯಿಂದ ಮಾರ್ಕ್ಸ್ ಕೊಡಬಹುದಾದ ರಾಟನ್ ಟೊಮೇಟೋಸ್‌ನಲ್ಲಿ ಪ್ರೇಕ್ಷಕರ ಅಂಕ ನೂರಕ್ಕೆ 50ಕ್ಕಿಂತ ಕೆಳಗೆ ಇಳೀತು. ಅಲ್ಲೇ ವಿಮರ್ಶಕರ ಅಂಕ 90ರ ಆಸುಪಾಸು. ಒಂದೇ ಸಿನಿಮಾ, ಮೂರು ತೀರ್ಪು.

ಕೋಪಗೊಂಡವರೆಲ್ಲ ಕೆಟ್ಟವರು ಅಂತ ನಾನು ಹೇಳಲ್ಲ. ಎರಡು ವರ್ಷ ಸುಳಿವು ಕೂಡಿಸಿ ಥಿಯರಿ ಕಟ್ಟಿದವರಿಗೆ, ಆ ಸುಳಿವುಗಳ ಹಿಂದೆ ಏನೂ ಇರಲಿಲ್ಲ ಅಂತ ಗೊತ್ತಾದರೆ ನೋವಾಗುತ್ತೆ. ಲ್ಯೂಕ್‌ನನ್ನ ಬೇಸತ್ತ ಮುದುಕನ ಹಾಗೆ ತೋರಿಸಿದ್ದು ಒಪ್ಪಲಾಗದವರು ಇದ್ದರು, ಸ್ವತಃ ಮಾರ್ಕ್ ಹ್ಯಾಮಿಲ್‌ಗೂ ಮೊದಮೊದಲು ಅದು ಒಪ್ಪಿಗೆ ಇರಲಿಲ್ಲ. ಅದು ನ್ಯಾಯವಾದ ತಕರಾರು.

ಆದರೆ ಆ ತಕರಾರು ಹೋಗಿ ಬಿದ್ದಿದ್ದು ಎಲ್ಲಿ? ಕೆಲ್ಲಿ ಮೇರಿ ಟ್ರಾನ್ ಮೇಲೆ. ವಿಯೆಟ್ನಾಂನಿಂದ ನಿರಾಶ್ರಿತರಾಗಿ ಬಂದವರ ಮಗಳು. ರೋಸ್ ಅನ್ನೋ ಮೆಕ್ಯಾನಿಕ್ ಪಾತ್ರ ಮಾಡಿದ್ರು. ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಇಷ್ಟು ದೊಡ್ಡ ಪಾತ್ರ ಸಿಕ್ಕ ಮೊದಲ ಏಷ್ಯನ್ ಮೂಲದ ನಟಿ. ತಿಂಗಳುಗಟ್ಟಲೆ ಅವರ ಮುಖ, ಮೈಕಟ್ಟು, ಜನಾಂಗದ ಬಗ್ಗೆ ಹೊಲಸು ಮಾತು. 2018ರ ಜೂನ್‌ನಲ್ಲಿ ಅವರು ಇನ್‌ಸ್ಟಾಗ್ರಾಂನ ಎಲ್ಲ ಪೋಸ್ಟ್ ಅಳಿಸಿಹಾಕಿದ್ರು. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದು, ಆ ಮಾತುಗಳನ್ನ ತಾನೇ ನಂಬೋಕೆ ಶುರು ಮಾಡಿದ್ದೆ ಅಂತ ಹೇಳಿಕೊಂಡರು. ಅಹ್ಮದ್ ಬೆಸ್ಟ್ ತಮ್ಮ ಕಥೆ ಹೊರಗೆ ಹೇಳಿದ್ದು ಇದೇ 2018ರ ಬೇಸಿಗೆಯಲ್ಲಿ, ಈ ಘಟನೆ ಆದ ಸ್ವಲ್ಪ ದಿನದಲ್ಲೇ. ಎರಡು ಪುನರುಜ್ಜೀವನ, ಎರಡು ನಿರಾಸೆ, ಎರಡರಲ್ಲೂ ಬಿಲ್ ಕಟ್ಟಿದವರು ಕಥೆಯಲ್ಲಿ ಒಂದು ಸಾಲು ಕೂಡ ತೀರ್ಮಾನ ಮಾಡದವರು.

ಈಗ ಕೊನೇ ಸಿನಿಮಾ. ಒಂಬತ್ತನೇದನ್ನ ಮಾಡಬೇಕಿದ್ದವರು ಕಾಲಿನ್ ಟ್ರೆವೊರೊ. 2017ರ ಸೆಪ್ಟೆಂಬರ್‌ನಲ್ಲಿ ಅವರು ಹೊರಗೆ ಹೋದರು, ಏಬ್ರಮ್ಸ್ ವಾಪಸ್ ಬಂದರು. ಅದಕ್ಕೂ ಮುಂಚೆ, 2016ರ ಡಿಸೆಂಬರ್‌ನಲ್ಲಿ, ಲೇಯಾ ಪಾತ್ರದ ಕ್ಯಾರಿ ಫಿಶರ್ ತೀರಿಕೊಂಡಿದ್ದರು. ಆದರೂ ರಿಲೀಸ್ ಮುಂದೆ ಹೋಗಿದ್ದು 2019ರ ಮೇ ತಿಂಗಳಿಂದ ಡಿಸೆಂಬರ್‌ಗೆ, ಅಷ್ಟೆ. 'ದಿ ರೈಸ್ ಆಫ್ ಸ್ಕೈವಾಕರ್' ಬಂದಾಗ ಉತ್ತರ ಮತ್ತೆ ಬದಲಾಗಿತ್ತು. 1983ರಲ್ಲಿ ಸತ್ತ ಪಾಲ್ಪಟೀನ್ ಹೇಗೋ ಬದುಕಿ ಬಂದಿದ್ದಾನೆ. ರೇ ಅವನ ಮೊಮ್ಮಗಳು. ಮೂರನೇ ಗುಂಪಿನ ಥಿಯರಿ ಗೆದ್ದಿತು!

ಗೆದ್ದವರಿಗಾದರೂ ಖುಷಿ ಆಯ್ತಾ? ಈ ಸಲ ಸಿನಿಮಾಸ್ಕೋರ್ ಬಿ ಪ್ಲಸ್‌ಗೆ ಇಳೀತು. ಕಲೆಕ್ಷನ್ ನೋಡಿ. ಏಳನೇದು 200 ಕೋಟಿ ಡಾಲರ್‌ಗೂ ಹೆಚ್ಚು, ಎಂಟನೇದು ಸುಮಾರು 133 ಕೋಟಿ, ಒಂಬತ್ತನೇದು ಸುಮಾರು 107 ಕೋಟಿ. ಕೆಲ್ಲಿ ಮೇರಿ ಟ್ರಾನ್ ಪಾತ್ರ 142 ನಿಮಿಷದ ಸಿನಿಮಾದಲ್ಲಿ ಒಂದು ನಿಮಿಷ ಚಿಲ್ಲರೆಗೆ ಇಳಿದಿತ್ತು. ಬೈದವರ ಮಾತು ನಡೀತು ಅನ್ನೋ ಹಾಗೆ ಕಾಣ್ತಿತ್ತು. ಫಿನ್ ಪಾತ್ರ ಮಾಡಿದ ಜಾನ್ ಬೊಯೇಗಾ 2020ರಲ್ಲಿ ನೇರವಾಗಿ ಹೇಳಿದ್ರು, ಕಪ್ಪು ಜನಾಂಗದ ಪಾತ್ರವನ್ನ ದೊಡ್ಡದು ಅಂತ ಪ್ರಚಾರ ಮಾಡಿ ಆಮೇಲೆ ಪಕ್ಕಕ್ಕೆ ತಳ್ಳಬೇಡಿ ಅಂತ. 2015ರ ಪ್ರಚಾರದಲ್ಲಿ ಲೈಟ್‌ಸೇಬರ್ ಹಿಡಿದಿದ್ದವನು ಫಿನ್ ಅನ್ನೋದನ್ನ ಮರೀಬೇಡಿ. ಅದೂ ಒಂದು ತೀರಿಸದ ಅಡ್ವಾನ್ಸ್.

ಅದೇ 2020ರಲ್ಲಿ ಡೇಸಿ ರಿಡ್ಲಿ ಒಂದು ಟಿವಿ ಶೋನಲ್ಲಿ ನಿಜ ಬಿಚ್ಚಿಟ್ಟರು. ಮೊದಲು ಓಬಿ-ವಾನ್ ಸಂಬಂಧದ ಯೋಚನೆ ಇತ್ತಂತೆ, ಆಮೇಲೆ ಯಾರೂ ಅಲ್ಲ ಅಂತ ಆಯ್ತಂತೆ, ಆಮೇಲೆ ಪಾಲ್ಪಟೀನ್. ಒಂಬತ್ತನೇ ಸಿನಿಮಾ ಶೂಟಿಂಗ್ ನಡೆಯುವಾಗಲೂ ಉತ್ತರ ಬದಲಾಗ್ತಾನೇ ಇತ್ತಂತೆ. ಅಂದರೆ ನಾಲ್ಕು ವರ್ಷ ಕೋಟ್ಯಂತರ ಜನ ತಲೆ ಕೆಡಿಸಿಕೊಂಡ ಪ್ರಶ್ನೆಗೆ ಮಾರಿದವರ ಹತ್ತಿರ ನಿಕ್ಕಿ ಉತ್ತರ ಇರಲೇ ಇಲ್ಲ.

ಈಗ ಆ ಬಿ.ಕಾಂ. ರೂಲ್‌ಗೆ ವಾಪಸ್ ಬನ್ನಿ. ಸಿನಿಮಾದಲ್ಲಿ ಪ್ರಶ್ನೆ ಇಟ್ಟು ಮುಂದಿನ ಟಿಕೆಟ್ ಮಾರೋದು ಅಡ್ವಾನ್ಸ್ ತಗೊಂಡ ಹಾಗೆ. ಡಿಸ್ನಿ ಅದನ್ನ ಆದಾಯ ಅಂತ ಬರೆದುಕೊಂಡಿತು, ಲಯಬಿಲಿಟಿ ಅಂತ ಬರೆಯಲಿಲ್ಲ. ಡೇಟ್ ಮೊದಲು, ಕಥೆ ಆಮೇಲೆ. ಇಷ್ಟು ಸಿನಿಮಾಗಳನ್ನ ಇಷ್ಟು ಬೇಗ ತಂದಿದ್ದು ಜಾಸ್ತಿ ಆಯ್ತು, ಆ ತೀರ್ಮಾನ ನನ್ನದೇ ಅಂತ ಐಗರ್ 2018ರಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಅಭಿಮಾನಿಗಳ ಅರ್ಧ ಮನಸ್ಸು ಮುರಿದಿತ್ತು.

ಇದರಲ್ಲಿ ನಮಗೇನು ಪಾಠ? ಥಿಯರಿ ಕಟ್ಟಬೇಡಿ ಅಂತ ನಾನು ಖಂಡಿತ ಹೇಳಲ್ಲ. ಕೆ.ಜಿ.ಎಫ್. ಮೂರನೇ ಭಾಗದ ಬಗ್ಗೆ ರಾತ್ರಿಯೆಲ್ಲ ವಾದ ಮಾಡೋರು ನಾವು! ಥಿಯರಿ ಅಂದ್ರೆ ಕಥೆಯನ್ನ ಇನ್ನೊಂದು ಸಲ ಪ್ರೀತಿಯಿಂದ ಓದೋದು. ಆದರೆ ಊಹೆ ಬೇರೆ, ಹಕ್ಕುಪತ್ರ ಬೇರೆ. ಊಹೆ ತಪ್ಪಾದಾಗ ಸಿಟ್ಟು ಬಂದರೆ ಒಂದು ನಿಮಿಷ ನಿಂತು ಕೇಳಿಕೊಳ್ಳಿ, ನನಗೆ ಬಾಕಿ ಇರೋದು ಯಾರಿಂದ? ಪ್ರಶ್ನೆ ಮಾರಿದವರಿಂದಲೋ, ಪಾತ್ರ ಮಾಡಿ ಮನೆಗೆ ಹೋದವರಿಂದಲೋ? ಡೈರೆಕ್ಟರ್‌ನ, ಕಂಪನಿಯನ್ನ ಟೀಕೆ ಮಾಡಿ, ಟಿಕೆಟ್ ಕೊಳ್ಳಬೇಡಿ, ಅದು ನಿಮ್ಮ ಹಕ್ಕು. ಆದರೆ ನಟಿಯ ಇನ್‌ಸ್ಟಾಗ್ರಾಂಗೆ ಹೋಗಿ ಬೈದರೆ ಆ ಬಾಕಿ ಒಂದು ಪೈಸೆಯೂ ವಸೂಲಾಗಲ್ಲ.

ಒಂದು ಸಮಾಧಾನದ ಸುದ್ದಿ ಹೇಳಿ ಮುಗಿಸ್ತೀನಿ. 2023ರ ಮಾರ್ಚ್‌ನಲ್ಲಿ 'ದಿ ಮ್ಯಾಂಡಲೋರಿಯನ್' ಸೀರೀಸ್‌ನ ಒಂದು ಎಪಿಸೋಡ್ ಬಂತು. ಪುಟ್ಟ ಗ್ರೋಗುವನ್ನ ಶತ್ರುಗಳಿಂದ ಕಾಪಾಡಿದ ಜೆಡೈ ಯಾರು ಅಂತ ಅಭಿಮಾನಿಗಳು ವರ್ಷಗಟ್ಟಲೆ ಥಿಯರಿ ಕಟ್ಟಿದ್ದರು. ಲಿಫ್ಟ್ ಬಾಗಿಲು ತೆರೆಯಿತು. ಎರಡು ಲೈಟ್‌ಸೇಬರ್ ಹಿಡಿದು ನಿಂತಿದ್ದವರು ಅಹ್ಮದ್ ಬೆಸ್ಟ್. ಈ ಸಲ ಬಂದಿದ್ದು ಚಪ್ಪಾಳೆ. ಅದರ ಮುಂದಿನ ತಿಂಗಳೇ ಲಂಡನ್‌ನಲ್ಲಿ ಇನ್ನೊಂದು ಘೋಷಣೆ ಆಯ್ತು, ರೇ ಪಾತ್ರಕ್ಕೆ ಡೇಸಿ ರಿಡ್ಲಿ ಮತ್ತೆ ಬರ್ತಾರೆ ಅಂತ. ಥಿಯರಿಗಳು ಆ ರಾತ್ರಿಯೇ ಶುರುವಾದವು.

ನಿಮ್ಮ ಫೇವರಿಟ್ ಥಿಯರಿ ಯಾವುದು, ನಿಜ ಆಗದೇ ಇದ್ದರೂ ಪರವಾಗಿಲ್ಲ, ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಅಲ್ಲಿವರೆಗೆ ಚೆನ್ನಾಗಿರಿ.